ಬೆಕ್ಕಿಗೆ ಆಗದ ಗಿಡ ಬ್ಯಾಡ ಅಂದ ಅಕ್ಕಾರು

ಅವರ ಹೆಸರು ಬರೆಯುವುದಿಲ್ಲ. ಬರೆಯಬಾರದೆಂದು ಅವರೇ ಹೇಳಿದ್ದಾರೆ. ಹೋದ ತಿಂಗಳು ಅವರು ನಿವೃತ್ತರಾದ ದಿನ ಡಿಪೋದಲ್ಲಿ ಸಣ್ಣ ಸಮಾರಂಭ ಇಟ್ಟುಕೊಂಡಿದ್ದೆವು. ಅವರು ಕಂಡಕ್ಟರ್ ಆಗಿದ್ದ ಬಸ್ಸಿಗೆ ಹದಿನಾಲ್ಕು ವರ್ಷ ಡ್ರೈವರ್ ಆಗಿದ್ದವನು ನಾನು. ಅದಕ್ಕೆ ಮೈಕನ್ನು ನನ್ನ ಕೈಗೇ ಕೊಟ್ಟರು. ಎರಡು ಮಾತು ಆಡಿ, ಮೈಕ್ ವಾಪಸ್ ಕೊಟ್ಟು ಕುಳಿತುಬಿಟ್ಟೆ. ಅವತ್ತು ಆಡಲಾಗದ್ದನ್ನು ಬರೆದಾದರೂ ಇಡುತ್ತೇನೆ ಎಂದು ಆಮೇಲೆ ಹೇಳಿದಾಗ ಅವರು ಒಂದೇ ಷರತ್ತು ಹಾಕಿದರು.

"ಬರಿ ತಮ್ಮಾ. ಆದ್ರ ಹೆಸರು ಹಾಕಬ್ಯಾಡ. ಹೆಸರು ಹಾಕಿದ್ರ ನೀ ಹೊಗಳಾಕ ಸುರು ಮಾಡ್ತಿ."

ಹೆಸರು ಹಾಕದೆಯೂ ಹೊಗಳಬಹುದು ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ನಮ್ಮದು ಹೊಸಪೇಟೆ ಹತ್ತಿರದ ಒಂದು ಬಸ್ ಡಿಪೋ. ಅಲ್ಲಿ ಮೆಕ್ಯಾನಿಕ್‌ನಿಂದ ಹಿಡಿದು ಕ್ಲರ್ಕ್‌ವರೆಗೆ ಎಲ್ಲರಿಗೂ ಅವರು ಅಕ್ಕಾರು. ತವರು ಸಂಡೂರು ತಾಲೂಕಿನ ಬಂಡ್ರಿ. ಅಪ್ಪ ಅಮ್ಮ ಇಬ್ಬರೂ ಗಣಿಯಲ್ಲಿ ಅದಿರು ಹೊತ್ತವರು. ಲಗ್ನವಾಗಿ ಬಂದ ಊರು ಮಲಪನಗುಡಿ. ಆಳು ಕುಳ್ಳಗೆ, ನಡಿಗೆ ಜೋರು. ಬಸ್ಸಿನ ಮೇಲಿನ ಕಂಬಿ ಅವರ ಕೈಗೆ ಸರಿಯಾಗಿ ಎಟುಕುತ್ತಿರಲಿಲ್ಲ, ಆದರೂ ಎಷ್ಟೇ ನೂಕುನುಗ್ಗಲಿದ್ದರೂ ಅವರು ವಾಲಿದ್ದನ್ನು ನಾನು ಕಂಡಿಲ್ಲ. ಯಾವ ಮಾತು ಹೇಳಿದರೂ ಕನ್ನಡಕದ ಮೇಲಿನಿಂದ ನೋಡಿ "ಖಾತ್ರಿ ಐತೇನು?" ಎಂದು ಒಂದು ಸಲ ಕೇಳುವುದು ಅವರ ರೂಢಿ. ಬ್ರೇಕ್ ನೋಡಿಸಿದ್ದೇನೆ ಅಂದರೂ ಅದೇ ಪ್ರಶ್ನೆ, ನನ್ನ ತಂಗಿಗೆ ಗಂಡು ಗೊತ್ತಾಗಿದೆ ಅಂದಾಗಲೂ ಅದೇ ಪ್ರಶ್ನೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಮನೆಯಲ್ಲಿ ನಾನೂ ಹಾಗೆ ಕೇಳತೊಡಗಿದೆ.

ಅವರ ಬೆಕ್ಕಿನ ವಿಷಯ ಹೇಳದಿದ್ದರೆ ಅವರನ್ನು ಹೇಳಿದಂತಾಗುವುದಿಲ್ಲ. ಡಿಪೋದಲ್ಲಿ ಇಲಿಗಳ ಕಾಟ ವಿಪರೀತ. ಸೀಟಿನ ರೆಕ್ಸಿನ್ ಕಡಿಯುತ್ತವೆ, ವೈರು ಕಡಿಯುತ್ತವೆ, ಬೆಳಿಗ್ಗೆ ಬಸ್ ಸ್ಟಾರ್ಟೇ ಆಗುವುದಿಲ್ಲ. ಅದಕ್ಕೆ ಬೆಕ್ಕುಗಳನ್ನು ಯಾರೂ ಓಡಿಸುತ್ತಿರಲಿಲ್ಲ. ಅವುಗಳಲ್ಲಿ ಕಪ್ಪು, ಕೆಂಪು, ಬಿಳಿ ಮೂರೂ ಬಣ್ಣದ ಒಂದು ಹೆಣ್ಣು ಬೆಕ್ಕು ಸದಾ ಸ್ಟೆಪ್ನಿ ಟೈರಿನ ಗುಂಡಿಯಲ್ಲೇ ಮಲಗುತ್ತಿತ್ತು. ಅದಕ್ಕೆ ಸ್ಟೆಪ್ನಿ ಎಂದೇ ಹೆಸರು ಬಿತ್ತು. ಅಕ್ಕಾರು ಡ್ಯೂಟಿ ಮುಗಿಸಿ ಬಂದರೆ ಅದು ಎಲ್ಲಿದ್ದರೂ ಬಂದು ಅವರ ಕಾಲಿಗೆ ಮೈ ಉಜ್ಜುತ್ತಿತ್ತು. ಅವರು ಬುತ್ತಿಯಿಂದ ಒಂದು ತುತ್ತು ಹಾಲು ಅನ್ನ ತೆಗೆದಿಟ್ಟಿರುತ್ತಿದ್ದರು. ಬೇರೆ ಯಾರಾದರೂ ಹಾಕಿದರೆ ಮೂಸಿ ನೋಡಿ ಹೋಗುತ್ತಿದ್ದ ಬೆಕ್ಕು ಅದು.

ಈಗ ನಾನು ಮಾಡಿದ ಕೆಲಸ ಹೇಳಬೇಕು.

ಸುಮಾರು ಒಂಬತ್ತು ವರ್ಷದ ಹಿಂದಿನ ಮಾತು. ಸಿಬ್ಬಂದಿ ವಿಶ್ರಾಂತಿ ಕೋಣೆಯ ಮುಂದೆ ಒಂದಿಷ್ಟು ಬೋಳು ಜಾಗ ಇತ್ತು. ಅಲ್ಲಿ ನಾಲ್ಕು ಗಿಡ ಇಡೋಣ ಎಂದು ಅಕ್ಕಾರು ಆಸೆಪಟ್ಟರು. ನನಗೆ ಹಂಪಿ ಕಡೆಯ ಒಂದು ರೆಸಾರ್ಟಿನ ಮಾಲಿ ಪರಿಚಯ. ಚಳಿಗಾಲ ಆಗಿತ್ತು, ಅವರಲ್ಲಿ ಯಾವುದೋ ಮದುವೆಗೆಂದು ದೂರದಿಂದ ತರಿಸಿದ ಲಿಲ್ಲಿ ಕುಂಡಗಳು ಉಳಿದಿದ್ದವು. ದೊಡ್ಡ ಬಿಳಿ ಹೂವು, ಒಳಗೆ ಕಂದು ಹಳದಿ ಪುಡಿ, ಮೂಗಿಗೆ ಅಡರುವ ವಾಸನೆ. ಎರಡು ಕುಂಡ ಕೊಟ್ಟ. ಬಸ್ಸಿನಲ್ಲಿ ಡ್ರೈವರ್ ಸೀಟಿನ ಪಕ್ಕ ಇಟ್ಟುಕೊಂಡು ಬಂದು ಅಕ್ಕಾರ ಕೈಗೆ ಕೊಟ್ಟೆ. ಅವರಿಗೆ ಭಾರಿ ಖುಷಿಯಾಯಿತು. ಅವತ್ತು ಒಂದೇ ಒಂದು ದಿನ ಅವರು "ಖಾತ್ರಿ ಐತೇನು?" ಎಂದು ಕೇಳಲಿಲ್ಲ.

ಮರುದಿನ ಸ್ಟೆಪ್ನಿಯ ಬೆನ್ನಿನ ಮೇಲೆ ಹಳದಿ ಪುಡಿ ಮೆತ್ತಿಕೊಂಡಿದ್ದನ್ನು ನೋಡಿ ಎಲ್ಲರೂ ನಕ್ಕೆವು, ಅರಿಶಿನ ಹಚ್ಚಿಕೊಂಡ ಮದುಮಗಳು ಎಂದೆವು. ಅದು ಬಿಸಿಲಿಗೆ ಕುಳಿತು ಮೈ ನೆಕ್ಕಿ ಸ್ವಚ್ಛ ಮಾಡಿಕೊಂಡಿತು. ಸಂಜೆಗೆ ವಾಂತಿ ಶುರುವಾಯಿತು. ಮರುದಿನ ಏನೂ ತಿನ್ನಲಿಲ್ಲ, ನೀರಿನ ಬಕೆಟ್ ಬಿಟ್ಟು ಏಳಲಿಲ್ಲ. ಆಗ ಅದಕ್ಕೆ ಇನ್ನೂ ಹಾಲು ಬಿಡದ ನಾಲ್ಕು ಮರಿಗಳಿದ್ದವು. ಮೂರನೆಯ ದಿನ ಅಕ್ಕಾರು ರಜೆ ಹಾಕಿ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದರು. ಡಾಕ್ಟರು ಎಲ್ಲಾ ಕೇಳಿ, ಸುತ್ತಮುತ್ತ ಲಿಲ್ಲಿ ಹೂವಿನ ಗಿಡ ಇದೆಯೇ ಎಂದು ಕೇಳಿದರಂತೆ. ಎಲೆಯಾಗಲಿ, ಹೂವಿನ ಪುಡಿಯಾಗಲಿ, ಕುಂಡದಿಂದ ಸೋರಿದ ನೀರಾಗಲಿ, ತುಸು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟುಹೋಗುತ್ತದೆ, ಮೊದಲ ದಿನವೇ ತಂದಿದ್ದರೆ ನೋಡಬಹುದಿತ್ತು ಎಂದರಂತೆ. ಸಲೈನ್ ಹಾಕಿದರು. ಸಂಜೆಯೊಳಗೆ ಅದು ಹೋಯಿತು.

ಅಕ್ಕಾರು ಖಾಲಿ ಬುಟ್ಟಿ ಹಿಡಿದು ಡಿಪೋಗೆ ಬಂದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಹೂವುಗಳ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ಬಿಗಿದು ಕಟ್ಟಿ, ಗಿಡ ಕಿತ್ತು, ಕಾಂಪೌಂಡಿನ ಹೊರಗೆ ಆಳವಾದ ಗುಂಡಿ ತೋಡಿ ಹೂತರು. ಆಮೇಲೆ ಒದ್ದೆ ಬಟ್ಟೆಯಿಂದ ಒಂದೊಂದೇ ಮರಿಯ ಮೈ ಒರೆಸಿದರು. ವಿಚಿತ್ರವೆಂದರೆ ಅದೇ ಕುಂಡದ ಪಕ್ಕ ದಿನಾ ಮಲಗುತ್ತಿದ್ದ ನಾಯಿಗೆ ಏನೂ ಆಗಿರಲಿಲ್ಲ. ಈ ಗಿಡ ಇಲ್ಲಿ ಯಾರು ಇಟ್ಟಿದ್ದು ಎಂದು ಮೆಕ್ಯಾನಿಕ್‌ಗಳು ಕೇಳಿದರು.

"ನಾನ ಇಟ್ಟಿದ್ದು," ಅಂದರು ಅಕ್ಕಾರು.

ಸುಳ್ಳಲ್ಲ. ಇಟ್ಟವರು, ನೀರು ಹಾಕಿದವರು ಅವರೇ. ತಂದವನು ನಾನು ಎಂದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆ ಮರಿಗಳನ್ನು ಅವರು ಸಾಕಿದ ರೀತಿ ನೋಡಿ ನನಗೆ ಊಟ ಸೇರುತ್ತಿರಲಿಲ್ಲ. ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ ಸಿರಿಂಜಿನಿಂದ ಹಾಲು ಕುಡಿಸುತ್ತಿದ್ದರು. ಕಂಪ್ಲಿಗೆ ಹೋದ ಬಸ್ ತಡವಾಗಿ ಬಂದರೆ ಇಳಿದವರೇ ಮರಿಗಳಿದ್ದ ಟೈರುಗಳ ರಾಶಿಯ ಕಡೆ ಓಡುತ್ತಿದ್ದರು. ನಾಲ್ಕರಲ್ಲಿ ಒಂದು ಉಳಿಯಲಿಲ್ಲ. ಮೂರು ಉಳಿದವು.

ಗಿಡದ ಓದು ಶುರುವಾದದ್ದು ಅಲ್ಲಿಂದ. ಅವರು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೊಬೈಲಿನಲ್ಲಿ ನೋಡಿದರೆ ಲಿಲ್ಲಿ ಎಂಬ ಹೆಸರಿನಲ್ಲಿ ಇಪ್ಪತ್ತು ಗಿಡ ಬರುತ್ತಿದ್ದವು. ಕೆಲವು ಬೆಕ್ಕನ್ನು ಕೊಲ್ಲುವಂಥವು, ಕೆಲವು ಬಾಯಿ ಉರಿಸುವಂಥವು, ಕೆಲವಕ್ಕೆ ಹೆಸರು ಬಿಟ್ಟರೆ ಲಿಲ್ಲಿಯ ಸಂಬಂಧವೇ ಇಲ್ಲ. ಹೆಸರು ನಂಬಿ ಕೂತರೆ ಆಗುವುದಿಲ್ಲ ಎಂದು ಅವರು ಒಂದು ದಾರಿ ಕಂಡುಕೊಂಡರು. ಯಾವ ಗಿಡ ಇಡಬೇಕೆನಿಸಿದರೂ ಅದರ ಎಲೆ, ಹೂವು ಎರಡನ್ನೂ ಒಂದು ಹಳೆಯ ಡೈರಿಯ ಹಾಳೆಗಳ ನಡುವೆ ಒತ್ತಿ ಇಡುತ್ತಿದ್ದರು. ನಮ್ಮ ಬಸ್ಸಿನಲ್ಲಿ ಸಂಡೂರಿಗೆ ದಿನಾ ಹೋಗುವ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಅವರು ಮೊದಲು ಗಿಡದ ನಿಜವಾದ ಹೆಸರು ಹೇಳಬೇಕು. ಆ ಹೆಸರು ಹಿಡಿದು ವಾರದ ರಜೆಯ ದಿನ ಅಕ್ಕಾರು ದನದ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಇಬ್ಬರೂ ಹೂಂ ಅಂದರೆ ಗಿಡ ಒಳಗೆ. ಇಬ್ಬರಲ್ಲಿ ಒಬ್ಬರು ತಲೆ ಕೆರೆದುಕೊಂಡರೂ ಗಿಡ ಹೊರಗೆ.

ಟೈರುಗಳ ಹಿಂದೆ ತಾನಾಗಿ ಬೆಳೆಯುತ್ತಿದ್ದ ಕುಪ್ಪಿಗಿಡದ ಬೇರೆಂದರೆ ಮರಿಗಳಿಗೆ ಹುಚ್ಚು. ಕೆದರಿ ತೆಗೆದು, ಮೂಸಿ, ಅದರ ಮೇಲೆ ಹೊರಳಾಡುತ್ತಿದ್ದವು. ನಮಗೆಲ್ಲ ಅದು ತಮಾಷೆ. ಡಾಕ್ಟರನ್ನು ಕೇಳಿದರೆ, ಅಪಾಯ ಅಂತ ಕೇಳಿಲ್ಲ, ಆದರೆ ಏನೂ ಆಗೋದಿಲ್ಲ ಅಂತಲೂ ಹೇಳಲಾರೆ ಎಂದರು. ಅಕ್ಕಾರು ಅವತ್ತೇ ಅಷ್ಟನ್ನೂ ಕಿತ್ತರು. ಮರಿಗಳಿಗೆ ಅಷ್ಟು ಇಷ್ಟ ಇದೆಯಲ್ಲ ಎಂದು ನಾನು ಅಂದೆ. ಸ್ಟೆಪ್ನಿಗೂ ಆ ಹೂವು ಇಷ್ಟ ಇತ್ತು ಎಂದರು.

ತಿಂದರೆ ಗೊತ್ತಾಗುತ್ತದೆ ಬಿಡಿ ಎಂದು ಯಾರಾದರೂ ಹೇಳಿದರೆ ಅವರಿಗೆ ರೇಗುತ್ತಿತ್ತು. ನೋಡಿ ಕಲಿಯುವುದಕ್ಕೆ ಬೆಕ್ಕಿನ ಜೀವ ಯಾಕೆ ಎನ್ನುತ್ತಿದ್ದರು. ಕ್ಯಾಂಟೀನಿನವನ ಜೊತೆ ಜಗಳವಾದದ್ದು ಈರುಳ್ಳಿಗಾಗಿ. ಉಳಿದ ಸಾಂಬಾರಿನ ಅನ್ನವನ್ನು ಅವನು ಬೆಕ್ಕುಗಳಿಗೆ ಹಾಕುತ್ತಿದ್ದ; ಈರುಳ್ಳಿ ಬಳ್ಳೊಳ್ಳಿ ಬೆಕ್ಕಿನ ರಕ್ತಕ್ಕೆ ಆಗುವುದಿಲ್ಲ ಎಂದು ಇವರು ಪಾತ್ರೆಯನ್ನೇ ಕಸಿದುಕೊಂಡರು. ಸೇವಂತಿಗೆಯೂ ಬೆಕ್ಕಿಗೆ ಆಗದ ಹೂವೆಂದು, ಆಯುಧಪೂಜೆಗೆ ಬಸ್ಸುಗಳಿಗೆ ಕಟ್ಟಿದ ಸರಗಳನ್ನು ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ತಾವೇ ಬಿಚ್ಚಿ, ಉದುರಿದ ಎಸಳು ಗುಡಿಸಿ ಒಯ್ಯುತ್ತಿದ್ದರು. ಕೆಲವೊಮ್ಮೆ ಅತಿಯಾಗುತ್ತಿದ್ದರು, ಅದೂ ನಿಜ. ಕ್ಲರ್ಕ್ ಒಬ್ಬರು ಕಿಟಕಿಯಲ್ಲಿ ಇಟ್ಟಿದ್ದ, ಬಿಳಿ ಗೀಟಿನ ಉದ್ದ ಎಲೆಯ ಸ್ಪೈಡರ್ ಗಿಡವನ್ನು ಲಿಲ್ಲಿಯ ಜಾತಿಯೆಂದು ತಿಳಿದು ಕೇಳದೆ ಕಿತ್ತು ಬಿಸಾಡಿದರು. ಅದು ಬೆಕ್ಕಿಗೆ ಏನೂ ಮಾಡದ ಗಿಡವೆಂದು ಮೇಷ್ಟ್ರು ಹೇಳಿದಾಗ, ಮರುದಿನ ಎಲ್ಲರ ಮುಂದೆ ಆ ಕ್ಲರ್ಕ್‌ನ ಕ್ಷಮೆ ಕೇಳಿ, ಒಂದರ ಬದಲು ಮೂರು ಕುಂಡ ತಂದಿಟ್ಟರು. ತಪ್ಪಾಯಿತು ಎನ್ನಲು ಅವರಿಗೆ ಒಂದು ದಿನಕ್ಕಿಂತ ಹೆಚ್ಚು ಬೇಕಾಗಲಿಲ್ಲ. ನನಗೆ ಎಂಟು ತಿಂಗಳು ಬೇಕಾಯಿತು.

ಆ ಎಂಟನೆಯ ತಿಂಗಳಲ್ಲಿ ನಮ್ಮ ಮ್ಯಾನೇಜರ್ ಸಾಹೇಬರು ನಮ್ಮಲ್ಲಿ ಕೆಲವರನ್ನು ತಮ್ಮ ಕೋಣೆಗೆ ಕರೆದರು. ದಾವಣಗೆರೆ ಕಡೆಯವರು, ಕೆಲಸಗಾರ ಮನುಷ್ಯ. ತಿಂಗಳೊಪ್ಪತ್ತಿನಲ್ಲಿ ಮೇಲಿನ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ಕಾಂಪೌಂಡಿನ ಉದ್ದಕ್ಕೂ ಹಸಿರು ಕಾಣಬೇಕು, ಐವತ್ತು ಕಣಗಿಲೆ ಗಿಡ ಹೇಳಿದ್ದೇನೆ ಎಂದರು. ಅವರ ಲೆಕ್ಕಾಚಾರ ತಪ್ಪೇನಲ್ಲ. ನಮ್ಮ ಕಡೆಯ ಬಿಸಿಲು, ಬಸ್ಸಿನ ಹೊಗೆ, ಅದಿರು ಲಾರಿಗಳ ಕೆಂಪು ಧೂಳು ಇಷ್ಟನ್ನೂ ತಡೆದುಕೊಂಡು ಹೂ ಬಿಡುವ ಗಿಡ ಬೇರೆ ಯಾವುದಿದೆ? ಹೈವೇ ನಡುವೆ ಮೈಲುಗಟ್ಟಲೆ ಅದೇ ಇದೆ. ನೀರು ಕೇಳುವುದಿಲ್ಲ, ದನಗಳೂ ಮೇಯುವುದಿಲ್ಲ ಎಂದು ಅವರು ಹೇಳುತ್ತಿರುವಾಗ ಅಕ್ಕಾರು ಬಾಗಿಲ ಹತ್ತಿರದಿಂದ ಮಾತಾಡಿದರು.

"ದನ ಯಾಕ ಮೇಯಂಗಿಲ್ಲ ಅಂತ ಒಂದೀಟು ವಿಚಾರ ಮಾಡ್ರಿ ಸಾಹೇಬ್ರ."

ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ಎದೆಬಡಿತವನ್ನೇ ನಿಲ್ಲಿಸುತ್ತದೆ, ಬೆಕ್ಕಿನ ಮರಿ ಆಟಕ್ಕೆ ಎಲೆ ಕಚ್ಚಿದರೂ ಉಳಿಯುವುದಿಲ್ಲ ಎಂದು ಅವರು ವಿವರಿಸಿದರು. ಸಾಹೇಬರು, ಹೈವೇ ಬದಿಯ ಬೆಕ್ಕುಗಳೆಲ್ಲ ಸತ್ತುಹೋಗಿವೆಯಾ ಎಂದು ಕೇಳಿದರು. ಅಕ್ಕಾರು ದನಿ ಏರಿಸಲಿಲ್ಲ. ಹೈವೇಗೆ ತಾನು ಜವಾಬ್ದಾರಳಲ್ಲ, ಆದರೆ ಈ ಮೂರು ಮರಿಗಳ ತಾಯಿ ನಮ್ಮ ಕಾಂಪೌಂಡಿನ ಗಿಡದಿಂದ ಸತ್ತಿದೆ ಎಂದರು. ಆಗ ಸಾಹೇಬರಿಗೂ ಸಿಟ್ಟು ಬಂತು.

"ಆ ಗಿಡ ಇಟ್ಟವರು ನೀವೇ ಅಂತೆ. ತಪ್ಪು ನೀವು ಮಾಡಿ, ಈಗ ಪಾಠ ನಮಗೆ ಹೇಳ್ತಿದ್ದೀರಾ?"

ಕೋಣೆಯಲ್ಲಿ ಏಳೆಂಟು ಜನ ಇದ್ದೆವು. ಅಕ್ಕಾರು ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆನೇನೋ, ಅವರೇ ಹೇಳಲಿ ಎಂದು ಕಾಯುತ್ತಿದ್ದೆನೇನೋ. ನೋಡಲಿಲ್ಲವಾದ್ದರಿಂದ ನನಗೆ ನಿಲ್ಲಲಾಗಲಿಲ್ಲ.

"ಸಾರ್, ಆ ಲಿಲ್ಲಿ ತಂದಾವ ನಾನು. ಅಕ್ಕಾರ ಕೈಯಾಗ ಕೊಟ್ಟಾವನೂ ನಾನ. ಇಷ್ಟು ದಿನ ಹೇಳ್ಲಿಲ್ಲ."

ಸಾಹೇಬರು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಕಣಗಿಲೆಗೆ ಬರೆದಿದ್ದ ಕಾಗದ ಮಡಚಿ ಪಕ್ಕಕ್ಕಿಟ್ಟು, ಒಂದು ತಿಂಗಳು ಕೊಡುತ್ತೇನೆ, ಬೆಕ್ಕಿಗೂ ಬಿಸಿಲಿಗೂ ಒಗ್ಗುವ ಗಿಡ ನೀವೇ ಹಾಕಿ ತೋರಿಸಿ, ಆಗದಿದ್ದರೆ ಕಣಗಿಲೆ ಎಂದರು.

ಅವತ್ತು ನಮಗೆ ಬಂಡ್ರಿ ಟ್ರಿಪ್ ಇತ್ತು. ಬಂಡ್ರಿಯಲ್ಲಿ ಜನ ಇಳಿದ ಮೇಲೆ ಎಂಜಿನ್ ಆರಿಸಿ ಕುಳಿತೆ. ಅವರು ಮುಂದಿನ ಸೀಟಿಗೆ ಬಂದು ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನಗೆ ಕೊಟ್ಟರು. ನಾನು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದೆ.

"ನಾನು ತಂದಿದ್ದು ಅಂತ ಯಾಕ ಹೇಳ್ಲಿಲ್ಲ ಅಕ್ಕಾರ? ಒಂದ್ಸಲನಾದ್ರೂ ಬೈದಿದ್ರ ನನಗ ಹಗುರ ಆಗ್ತಿತ್ತು."

"ನೀ ತಂದಿ. ನಾ ಏನು ಗಿಡ ಅಂತ ಕೇಳದ ನೀರು ಹಾಕಿದೆ. ಇಬ್ರೂ ಕೂಡಿ ಮಾಡಿದ್ದದು, ತಮ್ಮಾ. ನಿನ್ನ ಬೈದು ನಾ ಹಗುರ ಆಗಲೇನು?"

ರೊಟ್ಟಿ ತಿನ್ನು, ಜಲ್ದಿ ಹೊರಡಬೇಕು ಎಂದರು. ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ.

ಮುಂದಿನ ಒಂದು ತಿಂಗಳು ನಮ್ಮ ಬಸ್ಸು ಬಸ್ಸಾಗಿರಲಿಲ್ಲ. ಟಿಕೆಟ್ ಕೊಡುವಾಗಲೇ ಅಕ್ಕಾರು ಪರಿಚಯದ ಪ್ರಯಾಣಿಕರಿಗೆಲ್ಲ ಹೇಳಿದರು. ಕಂಪ್ಲಿಯ ಒಬ್ಬ ಅಜ್ಜಿ ಮಲ್ಲಿಗೆಯ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಮಲಪನಗುಡಿಯ ರೈತರೊಬ್ಬರು ಬಾಳೆಯ ಕಂದುಗಳನ್ನು ಬಸ್ಸಿನ ಮೇಲೆ ಹಾಕಿಸಿದರು. ಹಂಪಿ ಬಜಾರಿನಲ್ಲಿ ಸರ, ಬಳೆ ಮಾರುವ ಹೆಣ್ಣುಮಗಳು ಕೆಂಪು ದಾಸವಾಳ ಕೊಟ್ಟಳು. ಮೇಷ್ಟ್ರು ಸಂಡೂರಿನಿಂದ ಸ್ಪೈಡರ್ ಗಿಡದ ಮರಿಗಳನ್ನು ಹೊತ್ತು ತಂದರು. ಎರಡು ಕುಂಡ ಅರೆಕಾ ಪಾಮ್ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬಾತ ಪ್ರೀತಿಯಿಂದ ಮನಿಪ್ಲಾಂಟ್ ತಂದಾಗ, ಇದು ಬೆಕ್ಕಿನ ಬಾಯಿ ಸುಡುತ್ತದೆ, ನಿಮ್ಮ ಮನೆಯಲ್ಲಿ ಬೆಕ್ಕಿಲ್ಲದಿದ್ದರೆ ನೀವೇ ಇಟ್ಟುಕೊಳ್ಳಿ ಎಂದು ಮನಸ್ಸು ನೋಯದಂತೆ ಹೇಳಿ ವಾಪಸ್ ಕೊಟ್ಟರು. ಬೆಕ್ಕಿಗೆ ಮೇಯಲು ಏನಾದರೂ ಇದ್ದರೆ ಅದು ಬೇರೆ ಗಿಡದ ತಂಟೆಗೆ ಹೋಗುವುದು ಕಡಿಮೆ ಎಂದು ಡಾಕ್ಟರು ಹೇಳಿದ್ದರಿಂದ ನಲ್ಲಿಯ ಪಕ್ಕ ಗರಿಕೆ ಬೆಳೆಸಿದರು. ಕೆಂಪು ಧೂಳು ಕುಳಿತ ಎಲೆಗಳನ್ನು ದಿನಾ ಸಂಜೆ ಒರೆಸುವುದು ನನ್ನ ಕೆಲಸವಾಯಿತು. ಯಾರೂ ಹೇಳಲಿಲ್ಲ, ನಾನೇ ಹಿಡಿದುಕೊಂಡೆ.

ತಪಾಸಣೆಗೆ ಬಂದ ಅಧಿಕಾರಿ ತೋಟದ ಕಡೆ ಸರಿಯಾಗಿ ತಿರುಗಿಯೂ ನೋಡಲಿಲ್ಲ. ಟೈರು, ಡೀಸೆಲ್ ಎಂದು ವಿಚಾರಿಸಿ, ಚಹಾ ಕುಡಿದು ಹೋದರು. ನಮಗೆಲ್ಲ ಪಿಚ್ಚೆನಿಸಿತು. ಅಕ್ಕಾರಿಗೆ ಏನೂ ಅನಿಸಲಿಲ್ಲ. ಅಧಿಕಾರಿ ಬಂದಾಗ ಒಂದು ಮರಿ ದಾಸವಾಳದ ಎಲೆ ಕಚ್ಚುತ್ತಿತ್ತು, ಯಾರೂ ಹೆದರಬೇಕಾಗಿರಲಿಲ್ಲ, ಅಷ್ಟು ಸಾಕು ಎಂದರು. ಸಾಹೇಬರು ಮಾತ್ರ ಮರುವಾರ ತಮ್ಮ ಮನೆಯಿಂದ ಒಂದು ಗುಲಾಬಿ ಗಿಡ ತಂದು, ಒಳಗೆ ಇಡುವ ಮೊದಲು ಗೇಟಿನಲ್ಲಿ ನಿಂತು ಅಕ್ಕಾರನ್ನು ಕರೆಸಿ ತೋರಿಸಿದರು.

ಇಷ್ಟು ವರ್ಷ ಜೊತೆಗೆ ದುಡಿದರೂ ನಾನು ಅವರ ಮನೆಗೆ ಹೋಗಿರಲಿಲ್ಲ. ನಿವೃತ್ತಿಯ ಮರುವಾರ ಮೊದಲ ಸಲ ಮಲಪನಗುಡಿಗೆ ಹೋದೆ. ಮನೆ ತುಂಬ ಗಿಡ, ಕಾಲಿಟ್ಟಲ್ಲಿ ಬೆಕ್ಕು ಎಂದುಕೊಂಡು ಹೋದವನಿಗೆ ಅಲ್ಲಿ ಕಂಡದ್ದು ಒಂದು ಗಿಡ. ಬಾಗಿಲ ಎದುರು ಆಳೆತ್ತರ ಬೆಳೆದ ಬಿಳಿ ಎಕ್ಕ, ಅದರ ಬುಡಕ್ಕೆ ಕಟ್ಟೆ, ಕಟ್ಟೆಯ ಮೇಲೆ ಅರಿಶಿನ ಕುಂಕುಮ. ಬೆಕ್ಕು ಒಂದೂ ಇಲ್ಲ. ಕಟ್ಟೆಯ ಮೇಲೆ ಅವರ ಅತ್ತೆ ಕುಳಿತಿದ್ದರು. ತೊಂಬತ್ತರ ಹತ್ತಿರದ ಮುದುಕಿ, ಕಣ್ಣು ಮಂಜು, ಮಾತು ಚುರುಕು. ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟ ಗಿಡವಂತೆ. ಪ್ರತಿ ಶನಿವಾರ ಅದಕ್ಕೆ ನೀರು ಹಾಕಿ, ಪೂಜೆ ಮಾಡಿ, ಮಧ್ಯಾಹ್ನದವರೆಗೆ ಅಲ್ಲೇ ಕೂರುತ್ತಾರಂತೆ. ಅಕ್ಕಾರು ಚಹಾ ತರಲು ಒಳಗೆ ಹೋದಾಗ ಅಜ್ಜಿ ನನ್ನ ಹತ್ತಿರ ಬಾಗಿ ದೂರು ಹೇಳಿದರು.

"ಮನ್ಯಾಗ ಇಲಿ ಭಾಳ ಆಗ್ಯಾವಪ. ಒಂದು ಬೆಕ್ಕು ತಂದು ಸಾಕು ಅಂತ ಎಷ್ಟೋ ವರ್ಷದಿಂದ ಹೇಳಾಕ್ಹತ್ತೀನಿ. ನಮ್ಮ ಸೊಸಿಗೆ ಬೆಕ್ಕಂದ್ರ ಆಗಂಗಿಲ್ಲ ನೋಡು. ಹೊಸ್ತಿಲಾನ ದಾಟಿಸಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರು ಬಾಗಿಲಲ್ಲಿ ನಿಂತು ಬೇಡವೆಂದು ತಲೆಯಾಡಿಸಿದರು. ಚಹಾ ಕುಡಿದು ಹೊರಟಾಗ ದಾರಿಯವರೆಗೂ ಬಂದರು. ಎಕ್ಕದ ಹಾಲು ಬೆಕ್ಕಿಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೂ ಗೊತ್ತಿತ್ತು. ಅಜ್ಜಿಗೆ ನಿಜ ಹೇಳಬಾರದೇ, ನಿಮಗೆ ಬೆಕ್ಕು ಆಗುವುದಿಲ್ಲ ಅಂತ ತಿಳಿದಿದ್ದಾರಲ್ಲ ಎಂದೆ.

"ಹೇಳಿದ್ರ ನಾಳೇನ ಗಿಡ ಕಡಿಸ್ತಾಳ, ತಮ್ಮಾ. ನನಗ ಬೆಕ್ಕಂದ್ರ ಎಷ್ಟು ಜೀವ ಅಂತ ಗೊತ್ತಾದ್ರ ಒಂದು ಮಾತೂ ಆಡಂಗಿಲ್ಲ, ಕಡಿಸಿಬಿಡ್ತಾಳ. ಆಮ್ಯಾಲೆ ಶನಿವಾರ ಆಕಿ ಎಲ್ಲಿ ಕುಂದ್ರಬೇಕು?"